ಛಾವಣಿ ಆಮೇಲೆ ನೋಡೋಣ, ಮೊದಲು ನಿಯಮ

ಇಂಡೋರ್ ಅಥ್ಲೆಟಿಕ್ಸ್ ಬಗ್ಗೆ ಬರೀತೀವಿ ಅಂದಾಗ ಹಾಸ್ಟೆಲಿನಲ್ಲಿ ನಕ್ಕವರೇ ಹೆಚ್ಚು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಹುಡುಕಿದರೂ ಒಂದು ಇಂಡೋರ್ ಟ್ರ್ಯಾಕ್ ಇಲ್ಲ. ಮಳೆಗಾಲದಲ್ಲಿ ಸುಣ್ಣದ ಗೆರೆ ಉಳಿಸಿಕೊಳ್ಳೋದೇ ಕಷ್ಟ, ಇವರಿಗೆ ಛಾವಣಿ ಬೇರೆ ಬೇಕಂತೆ ಅಂದರು. ನಾವು ಹೇಳೋಕೆ ಹೊರಟಿರೋದು ಅದರ ಉಲ್ಟಾ. ಛಾವಣಿ ಸದ್ಯಕ್ಕೆ ಬೇಡ. ಛಾವಣಿಯ ಕೆಳಗೆ ಓಡೋರಿಗೆ ಮಾಡಿರೋ ನಿಯಮಗಳು ಬೇಕು. ಯಾಕೆಂದರೆ ನಮ್ಮ ಕಡೆಯ ಹೆಚ್ಚಿನ ಶಾಲೆ, ಕಾಲೇಜು ಮೈದಾನಗಳು ಅಳತೆಯಲ್ಲಿ ಇಂಡೋರ್ ಟ್ರ್ಯಾಕ್‌ಗಳೇ. ಆ ಅಳತೆಯ ಮೈದಾನದಲ್ಲಿ ನಾವು ವರ್ಷಾ ವರ್ಷಾ ಔಟ್‌ಡೋರ್ ನಿಯಮದ ಓಟ ನಡೆಸ್ತಾ ಬಂದಿದ್ದೀವಿ. ಅದಕ್ಕೇ ಸೋಲಬಾರದವರು ಸೋಲ್ತಿದ್ದಾರೆ.

ಮೈದಾನದ ಅಳತೆ ಏನು ಹೇಳುತ್ತೆ

ಪೂರ್ತಿ 400 ಮೀಟರ್ ಟ್ರ್ಯಾಕ್ ಹಾಕೋಕೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ ಬೇಕು. ಇಷ್ಟು ಜಾಗ ಇರೋ ಕಾಲೇಜುಗಳನ್ನು ಬೆರಳಲ್ಲಿ ಎಣಿಸಬಹುದು. ಅದಕ್ಕೇ ದೈಹಿಕ ಶಿಕ್ಷಕರು ಸಾಮಾನ್ಯವಾಗಿ 200 ಮೀಟರ್ ಟ್ರ್ಯಾಕ್ ಹಾಕ್ತಾರೆ. ಅದಕ್ಕೆ ಹೆಚ್ಚುಕಮ್ಮಿ 90 ಮೀಟರ್ ಉದ್ದ, 45 ಮೀಟರ್ ಅಗಲ ಸಾಕು. ಹಗ್ಗ, ಗೂಟ, ಸುಣ್ಣದ ಪುಡಿ ಇದ್ದರೆ ಒಂದು ಬೆಳಗ್ಗೆಯ ಕೆಲಸ.

ಈಗ ಜಗತ್ತಿನ ಇಂಡೋರ್ ಚಾಂಪಿಯನ್‌ಶಿಪ್‌ಗಳ ಕಡೆ ನೋಡಿ. ಅಲ್ಲೂ ಒಂದು ಸುತ್ತು 200 ಮೀಟರೇ. ಇನ್ನೂ ಮಜಾ ಅಂದರೆ, 2023ರ ನವೆಂಬರಿನಿಂದ ವರ್ಲ್ಡ್ ಅಥ್ಲೆಟಿಕ್ಸ್ ದಾಖಲೆಗಳ ಪಟ್ಟಿಯಲ್ಲಿ 'ಇಂಡೋರ್' ಅನ್ನೋದರ ಬದಲು 'ಶಾರ್ಟ್ ಟ್ರ್ಯಾಕ್' ಅಂತ ಬಳಸೋಕೆ ಶುರು ಮಾಡಿತು. ಅಂದರೆ ಛಾವಣಿ ಇದೆಯಾ ಇಲ್ವಾ ಅನ್ನೋದಕ್ಕಿಂತ ಸುತ್ತಿನ ಉದ್ದ ಮುಖ್ಯ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತು. ಚಳಿದೇಶದವರು ಹಿಮಕ್ಕೆ ಹೆದರಿ ಒಳಗೆ ಹೋದರು, ಒಳಗೆ ಜಾಗ ಸಾಲದೆ ಟ್ರ್ಯಾಕ್ ಚಿಕ್ಕದು ಮಾಡಿದರು, ಚಿಕ್ಕ ಟ್ರ್ಯಾಕ್‌ನ ತೊಂದರೆ ನೋಡಿ ನಿಯಮ ಬದಲಿಸಿದರು. ಚಿಕ್ಕ ಟ್ರ್ಯಾಕ್ ನಮ್ಮಲ್ಲೂ ಇದೆ. ಬದಲಾದ ನಿಯಮ ಮಾತ್ರ ಇಲ್ಲಿಗೆ ಬಂದಿಲ್ಲ.

ಒಂದನೇ ಲೇನ್ ಅನ್ನೋ ಶಿಕ್ಷೆ

ದೊಡ್ಡ ಉದಾಹರಣೆ 200 ಮೀಟರ್ ಓಟ. ವಿಶ್ವ ಇಂಡೋರ್ ಚಾಂಪಿಯನ್‌ಶಿಪ್‌ನಲ್ಲಿ ಈ ಓಟ ಕೊನೆಯ ಸಲ ನಡೆದದ್ದು 2004ರಲ್ಲಿ, ಬುಡಾಪೆಸ್ಟ್‌ನಲ್ಲಿ. ಆಮೇಲೆ ತೆಗೆದುಹಾಕಿದರು. ಕಾರಣ ಸರಳ: ಒಳಗಿನ ಲೇನ್ ಸಿಕ್ಕವರಿಗೆ ಗೆಲ್ಲೋ ಅವಕಾಶವೇ ಇಲ್ಲ ಅನ್ನುವಷ್ಟು ಕಡಿಮೆ. ಇಂಡೋರ್ ಟ್ರ್ಯಾಕ್‌ನ ತಿರುವುಗಳನ್ನು ಹೊರಗಡೆ ಎತ್ತರ ಮಾಡಿ ಓರೆಯಾಗಿ ಕಟ್ಟಿರ್ತಾರೆ. ಅಷ್ಟು ಮಾಡಿದರೂ ಅನ್ಯಾಯ ಸರಿಹೋಗಲಿಲ್ಲ ಅಂತ ಓಟವನ್ನೇ ಬಿಟ್ಟರು. ನಮ್ಮಲ್ಲಿ ಓರೆ ಇಲ್ಲದ ಸಪಾಟು ಮಣ್ಣಿನ ಮೇಲೆ ಅದೇ ಓಟ ಇವತ್ತಿಗೂ ನಡೀತಿದೆ.

ಫಸ್ಟ್ ಇಯರ್ ಫಿಸಿಕ್ಸ್ ಮರೆತಿಲ್ಲದಿದ್ದರೆ ನೀವೇ ಲೆಕ್ಕ ಹಾಕಿ. ತಿರುವಿನಲ್ಲಿ ಓಡೋನಿಗೆ ಬೇಕಾಗೋ ಅಡ್ಡ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಹೆಚ್ಚುತ್ತೆ, ತ್ರಿಜ್ಯ ದೊಡ್ಡದಾದಷ್ಟೂ ಕಡಿಮೆ ಆಗುತ್ತೆ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡೋ 50 ಕೆಜಿ ತೂಕದ ಹುಡುಗಿಯನ್ನು ತಗೊಳ್ಳಿ. ಸುಮಾರು 17 ಮೀಟರ್ ತ್ರಿಜ್ಯದ ಒಂದನೇ ಲೇನಿನಲ್ಲಿ ಅವಳ ಕಾಲು ನೆಲವನ್ನು ಅಡ್ಡಕ್ಕೆ ತಳ್ಳಬೇಕಾದ ಬಲ ಹೆಚ್ಚುಕಮ್ಮಿ 15 ಕೆಜಿ ತೂಕದಷ್ಟು. 22 ಮೀಟರ್ ತ್ರಿಜ್ಯದ ಆರನೇ ಲೇನಿನಲ್ಲಿ ಅದು 11 ಕೆಜಿ ಚಿಲ್ಲರೆ. ಅಂದರೆ ಚೀಟಿ ಎತ್ತಿ ಲೇನ್ ಹಂಚಿದ ಆ ಒಂದು ನಿಮಿಷದಲ್ಲೇ ಒಬ್ಬಳ ಮೇಲೆ ಇನ್ನೊಬ್ಬಳಿಗಿಂತ ಸುಮಾರು 30 ಪ್ರತಿಶತ ಹೆಚ್ಚು ಭಾರ ಹೇರಿದ್ದೀವಿ. ಅದೂ ಸಡಿಲ ಮಣ್ಣಿನ ಮೇಲೆ, ಎಷ್ಟೋ ಸಲ ಬರಿಗಾಲಲ್ಲಿ. ತಿರುವಿನಲ್ಲಿ ಜಾರಿ ಮೊಣಕಾಲು ತರಚಿಕೊಂಡವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಕೇಳಿದರೆ "ಏನ್ ಮಾಡೋದ್ರಿ, ಲೇನ್ ಬಂದಿದ್ದ ಒಂದನೇದು" ಅಂತಾರೆ. ತಮ್ಮ ಹಣೆಬರಹ ಅಂದುಕೊಂಡಿದ್ದಾರೆ. ಅದು ಹಣೆಬರಹ ಅಲ್ಲ, ಬದಲಿಸಬಹುದಾದ ನಿಯಮ.

ಪರಿಹಾರವನ್ನು ಬೇರೆಯವರು ಈಗಾಗಲೇ ಕಂಡುಕೊಂಡಿದ್ದಾರೆ. ಇಂಡೋರ್‌ನಲ್ಲಿ ಮುಂದಿನ ಸುತ್ತುಗಳಿಗೆ ಬಂದಾಗ ಹಿಂದಿನ ಸುತ್ತಲ್ಲಿ ಚೆನ್ನಾಗಿ ಓಡಿದವರಿಗೆ 5 ಮತ್ತು 6ನೇ ಲೇನ್, ಅವರ ನಂತರದವರಿಗೆ 3 ಮತ್ತು 4, ಉಳಿದವರಿಗೆ 1 ಮತ್ತು 2 ಸಿಗುತ್ತೆ. ಒಳ್ಳೆ ಲೇನ್ ಅಲ್ಲಿ ಓಡಿ ಸಂಪಾದಿಸಿದ್ದು. 400 ಮೀಟರ್ ಓಟದಲ್ಲಿ ಮೊದಲ ಎರಡು ತಿರುವು ಮಾತ್ರ ಲೇನಿನಲ್ಲಿ, ಅದಾದಮೇಲೆ ಎಲ್ಲರೂ ಒಳಗೆ ಸೇರಬಹುದು. ಅಮೆರಿಕದ ಕಾಲೇಜುಗಳ ಎನ್‌ಸಿಎಎ ಇಂಡೋರ್ ಕೂಟದಲ್ಲಿ 200 ಮೀಟರ್ ಇನ್ನೂ ಇದೆ. ಆದರೆ ಫೈನಲ್ ತಲುಪಿದವರನ್ನು ಎರಡು ಗುಂಪಾಗಿ ಓಡಿಸಿ, ಎರಡೂ ಗುಂಪಿನ ಸಮಯ ಒಟ್ಟಿಗೆ ಇಟ್ಟು ಸ್ಥಾನ ಕೊಡ್ತಾರೆ. ಹಾಗಾಗಿ ಇಕ್ಕಟ್ಟಿನ ಲೇನ್‌ಗಳನ್ನು ಖಾಲಿ ಬಿಡಬಹುದು. ಇದ್ಯಾವುದಕ್ಕೂ ಛಾವಣಿ ಬೇಡ, ದುಡ್ಡೂ ಬೇಡ.

60 ಮೀಟರ್ ಅನ್ನೋ ಸರಿಯಾದ ಓಟ

ನಮ್ಮ ಮೈದಾನದಲ್ಲಿ 100 ಮೀಟರ್ ಓಟ ಹೇಗೆ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಮೂಲೆಯಿಂದ ಮೂಲೆಗೆ. 90ಕ್ಕೆ 45 ಮೀಟರ್ ಮೈದಾನದ ಕರ್ಣ ಲೆಕ್ಕ ಹಾಕಿದರೆ 100 ಮೀಟರ್‌ಗೆ ಸ್ವಲ್ಪವೇ ಹೆಚ್ಚು. ಅಂದರೆ ಓಟ ಮುಗಿಯೋ ಗೆರೆ ಇರೋದು ಕಾಂಪೌಂಡ್ ಗೋಡೆಯ ಬುಡದಲ್ಲಿ. ಪೂರ್ತಿ ವೇಗದಲ್ಲಿ ಬಂದವರಿಗೆ ನಿಲ್ಲೋಕೆ ಜಾಗ ಇಲ್ಲ. ಇದನ್ನು ಅರಿತ ಹುಡುಗರು ಕೊನೆಯ ಹತ್ತು ಮೀಟರ್ ತಾವಾಗೇ ನಿಧಾನ ಮಾಡ್ತಾರೆ. ಅಲ್ಲಿ ಗೆಲ್ಲೋನು ವೇಗದವನಾ, ಗೋಡೆಗೆ ಹೆದರದವನಾ?

ಇಂಡೋರ್‌ನಲ್ಲಿ 100 ಮೀಟರ್ ಇಲ್ಲ. ಅದರ ಬದಲು 60 ಮೀಟರ್, ನೇರ ಗೆರೆಯಲ್ಲಿ. ಹಿಂದೆ ಮೂರು ಮೀಟರ್, ಮುಂದೆ ನಿಲ್ಲೋಕೆ ಹತ್ತರಿಂದ ಹದಿನೈದು ಮೀಟರ್ ಬಿಟ್ಟರೂ ಒಟ್ಟು 78 ಮೀಟರ್. ನಮ್ಮ 90 ಮೀಟರ್ ಮೈದಾನದ ಉದ್ದಕ್ಕೆ ಆರಾಮಾಗಿ ಕೂರುತ್ತೆ, ತಿರುವೇ ಇಲ್ಲದ್ದರಿಂದ ಲೇನ್ ಜಗಳವೂ ಇಲ್ಲ. ಇದನ್ನು ಮಕ್ಕಳ ಓಟ ಅಂತ ಹಗುರ ಮಾಡಬೇಡಿ. ಕ್ರಿಶ್ಚಿಯನ್ ಕೋಲ್ಮನ್ 2018ರಲ್ಲಿ 6.34 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಮಾಡಿದ್ದು ಇದೇ ದೂರದಲ್ಲಿ. ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ 2024ರಲ್ಲಿ ತೆಹ್ರಾನ್‌ನ ಏಷ್ಯನ್ ಇಂಡೋರ್ ಕೂಟದಲ್ಲಿ ಚಿನ್ನ ಗೆದ್ದದ್ದು 60 ಮೀಟರ್ ಹರ್ಡಲ್ಸ್‌ನಲ್ಲಿ, 8.12 ಸೆಕೆಂಡಿನಲ್ಲಿ.

ಮುಂದಕ್ಕೆ ಹೋಗೋರು ಯಾರು?

ನಮ್ಮ ಕೂಟಗಳಲ್ಲಿ ಸಾಮಾನ್ಯವಾಗಿ ಸ್ಥಾನ ನೋಡಿ ಮುಂದಿನ ಹಂತಕ್ಕೆ ಕಳಿಸ್ತಾರೆ. ಮೊದಲಿಗರೋ, ಮೊದಲ ಇಬ್ಬರೋ ಹೋದರು, ಉಳಿದವರು ಮನೆಗೆ. ಇದರಲ್ಲಿ ಒಂದು ಒಳ್ಳೇದಿದೆ, ಒಂದು ಕೆಟ್ಟದ್ದಿದೆ.

ಒಳ್ಳೇದು ಏನಂದರೆ ಪ್ರತಿ ತಾಲ್ಲೂಕಿಗೂ ಪಾಲು ಸಿಗುತ್ತೆ. ಯಲಬುರ್ಗಾದ ಒಂದು ಹಳ್ಳಿಯಿಂದ ಬಂದ ಹುಡುಗಿ, ಕೋಚ್ ಇಲ್ಲ, ಸ್ಪೈಕ್ಸ್ ಇಲ್ಲ, ಆದರೂ ತನ್ನ ತಾಲ್ಲೂಕಿಗೆ ಮೊದಲು ಬಂದರೆ ಜಿಲ್ಲಾ ಮಟ್ಟ ನೋಡ್ತಾಳೆ. ಕೆಟ್ಟದ್ದು ಏನಂದರೆ ಒಂದೇ ತಾಲ್ಲೂಕಿನಲ್ಲಿ, ಒಂದೇ ಹೀಟ್‌ನಲ್ಲಿ ಮೂವರು ಗಟ್ಟಿಗರು ಬಿದ್ದರೆ ಮೂರನೆಯವಳು ಹೊರಗೆ. ಉದಾಹರಣೆಗೆ ಅಂದುಕೊಳ್ಳೋಣ, ಗಂಗಾವತಿಯಲ್ಲಿ ಮೂರನೇ ಬಂದವಳ ಸಮಯ ಇನ್ನೊಂದು ತಾಲ್ಲೂಕಿನ ಮೊದಲಿಗಳಿಗಿಂತ ಅರ್ಧ ಸೆಕೆಂಡ್ ಚೆನ್ನಾಗಿದೆ. ಆದರೂ ಅವಳ ಸೀಸನ್ ಅಲ್ಲಿಗೇ ಮುಗೀತು.

ನಮ್ಮ ಕೆಲವು ಗೆಳೆಯರು "ಸಮಯ ನೋಡಿ ಆಯ್ಕೆ ಮಾಡಿ, ಮುಗೀತು" ಅಂತಾರೆ. ಕೇಳೋಕೆ ನ್ಯಾಯವಾಗಿದೆ, ನಮಗೆ ಒಪ್ಪಿಗೆ ಇಲ್ಲ. ನಾಲ್ಕು ತಾಲ್ಲೂಕಿನ ನಾಲ್ಕು ಮೈದಾನದಲ್ಲಿ, ನಾಲ್ಕು ಬೇರೆ ದಿನ, ನಾಲ್ಕು ಜನ ಕೈಗಡಿಯಾರದಲ್ಲಿ ಹಿಡಿದ ಸಮಯಗಳನ್ನು ಒಂದೇ ಪಟ್ಟಿಯಲ್ಲಿ ಹೇಗೆ ಇಡ್ತೀರಿ? ಮಳೆ ಬಿದ್ದ ಮಾರನೇ ದಿನ ಎರಿ ಮಣ್ಣಿನ ಮೇಲೆ ಓಡಿದವಳ ಕಾಲಿಗೆ ಅರ್ಧ ಹೊಲವೇ ಅಂಟಿರುತ್ತೆ. ಅದೇ ದಿನ ಮಸಾರಿ ನೆಲದಲ್ಲಿ ನೀರು ಇಂಗಿ ಓಟ ಸಲೀಸು. ಇಬ್ಬರ ಸಮಯ ಹೋಲಿಸೋದು ಎರಡು ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಒಂದೇ ರ‍್ಯಾಂಕ್ ಲಿಸ್ಟ್ ಮಾಡಿದ ಹಾಗೆ.

ದೊಡ್ಡ ಕೂಟಗಳು ಎರಡನ್ನೂ ಸೇರಿಸಿ ನಡೆಸ್ತವೆ. ಹೀಟ್‌ನ ಫಲಿತಾಂಶದಲ್ಲಿ ಹೆಸರಿನ ಮುಂದೆ ದೊಡ್ಡ ಕ್ಯೂ ಇದ್ದರೆ ಸ್ಥಾನದಿಂದ ಮುಂದೆ ಹೋದವರು, ಸಣ್ಣ ಕ್ಯೂ ಇದ್ದರೆ ಉಳಿದವರ ಪೈಕಿ ಸಮಯದಿಂದ ಹೋದವರು. ಒಲಿಂಪಿಕ್ಸ್ ಪ್ರವೇಶಕ್ಕೂ ಈಗ ಎರಡು ಬಾಗಿಲು: ನಿಗದಿ ಮಾಡಿದ ಸಮಯ ಮುಟ್ಟೋದು ಒಂದು, ವಿಶ್ವ ರ‍್ಯಾಂಕಿಂಗ್ ಇನ್ನೊಂದು. ಜ್ಯೋತಿ ಯರ್ರಾಜಿ 2024ರ ಪ್ಯಾರಿಸ್‌ಗೆ ಹೋದದ್ದು ರ‍್ಯಾಂಕಿಂಗ್ ಬಾಗಿಲಿಂದ. ಅಲ್ಲಿ ಮೊದಲ ಹೀಟ್‌ನಲ್ಲಿ ಅವರು ಏಳನೆಯವರಾದರು. ಆದರೂ ಮತ್ತೊಂದು ಓಟ ಸಿಕ್ಕಿತು. 200ರಿಂದ 1500 ಮೀಟರ್‌ವರೆಗಿನ ಓಟಗಳಿಗೆ, ಹರ್ಡಲ್ಸ್‌ಗೂ ಸೇರಿಸಿ, ಮೊದಲ ಸುತ್ತಲ್ಲಿ ಸೋತವರಿಗೆ ಇನ್ನೊಂದು ಅವಕಾಶದ ಸುತ್ತು, ಅಂದರೆ ರೆಪೆಶಾಜ್, ಆ ಒಲಿಂಪಿಕ್ಸ್‌ನಲ್ಲೇ ಬಂತು. ಜಗತ್ತಿನ ಅತಿ ದೊಡ್ಡ ಕೂಟವೇ ಒಂದು ಓಟ ನೋಡಿ ಮನೆಗೆ ಕಳಿಸೋದು ಸರಿಯಲ್ಲ ಅಂತ ತೀರ್ಮಾನಿಸಿದೆ. ಬೆಳಗ್ಗೆ ಐದಕ್ಕೆ ಎದ್ದು ಬಸ್ ಹತ್ತಿ ಬಂದ ನಮ್ಮ ಹುಡುಗಿಗೆ ಮಾತ್ರ ಒಂದೇ ಓಟ, ಹದಿನಾಲ್ಕು ಸೆಕೆಂಡು, ಮುಗೀತು.

60 ಮೀಟರ್‌ನಲ್ಲಿ ಇದನ್ನು ಮಾಡೋದು ಸುಲಭ. 48 ಜನ ಬಂದರು ಅಂತಿಟ್ಟುಕೊಳ್ಳಿ, ಎಂಟು ಲೇನ್. ಮೊದಲು ಆರು ಹೀಟ್, ಒಂದೇ ತಾಲ್ಲೂಕಿನವರು ಆದಷ್ಟು ಒಂದೇ ಹೀಟ್‌ನಲ್ಲಿ ಬೀಳದ ಹಾಗೆ. ಪ್ರತಿ ಹೀಟ್‌ನ ಮೊದಲ ಮೂವರು, ಒಟ್ಟು 18 ಜನ, ನೇರ ಸೆಮಿಫೈನಲ್‌ಗೆ. ಉಳಿದ 30 ಜನಕ್ಕೆ ರೆಪೆಶಾಜ್, ನಾಲ್ಕು ಹೀಟ್. ಅದರಲ್ಲಿ ಗೆದ್ದ ನಾಲ್ವರು, ಜೊತೆಗೆ ಒಳ್ಳೆ ಸಮಯದ ಇಬ್ಬರು. ಈಗ 24 ಜನ, ಮೂರು ಸೆಮಿಫೈನಲ್. ಪ್ರತಿಯೊಂದರಿಂದ ಇಬ್ಬರು, ಸಮಯದ ಮೇಲೆ ಮತ್ತಿಬ್ಬರು, ಫೈನಲ್‌ಗೆ ಎಂಟು. ಒಟ್ಟು 14 ಓಟ. ಒಂದಕ್ಕೆ ಆರು ನಿಮಿಷ ಹಿಡಿದರೂ 84 ನಿಮಿಷ. ಅತಿಥಿಗಳ ಸ್ವಾಗತ ಭಾಷಣ, ಸನ್ಮಾನ, ವಂದನಾರ್ಪಣೆಗೆ ಇದಕ್ಕಿಂತ ಹೆಚ್ಚು ಹೊತ್ತು ತಗೊಂಡದ್ದನ್ನು ನಾವೆಲ್ಲ ನೋಡಿದ್ದೀವಿ. ಬಂದ ಪ್ರತಿಯೊಬ್ಬರೂ ಕನಿಷ್ಠ ಎರಡು ಸಲ ಓಡಿ ಹೋಗ್ತಾರೆ.

ಇನ್ನೊಂದು ಸಣ್ಣ ನಿಯಮ. 2010ರಿಂದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಒಂದು ಫಾಲ್ಸ್ ಸ್ಟಾರ್ಟ್ ಮಾಡಿದರೂ ಹೊರಗೆ. ಅದು ದಿನಾ ಬ್ಲಾಕ್ ಮೇಲೆ ಅಭ್ಯಾಸ ಮಾಡೋರಿಗೆ ಇರೋ ನಿಯಮ. ಮೊದಲ ಸಲ ಗೆರೆಗೆ ಬಂದು ನಿಂತವರಿಗೆ ಒಂದು ಎಚ್ಚರಿಕೆ ಕೊಡೋಣ, ಎರಡನೇ ಸಲ ಹೊರಗೆ ಕಳಿಸೋಣ. ಕಠಿಣ ನಿಯಮ ತಂದುಕೊಳ್ಳೋದರಲ್ಲಿ ಮಾತ್ರ ನಾವು ಮುಂದೆ ಇರಬೇಕಾಗಿಲ್ಲ.

ಗಡಿಯಾರ ನಮ್ಮ ಕೆಲಸ

ಸಮಯ ನೋಡಿ ಕೆಲವರನ್ನಾದರೂ ಆರಿಸಬೇಕಾದರೆ ಸಮಯ ಸರಿ ಇರಬೇಕು. ಸೆಕೆಂಡಿಗೆ 8 ಮೀಟರ್ ಓಡೋರಿಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಅಂದರೆ 80 ಸೆಂಟಿಮೀಟರ್. ಸ್ಟಾಪ್‌ವಾಚ್ ಒತ್ತೋ ಬೆರಳಿಗೆ ಅಷ್ಟು ನಿಖರತೆ ಇಲ್ಲ. ಇನ್ನೂ ಒಂದಿದೆ: ಮುಗಿಯೋ ಗೆರೆಯಲ್ಲಿ ನಿಂತವರು ಶಬ್ದ ಕೇಳಿ ವಾಚ್ ಶುರು ಮಾಡಿದರೆ, 60 ಮೀಟರ್ ದಾಟಿ ಬರೋಕೆ ಶಬ್ದಕ್ಕೆ ಸುಮಾರು 0.18 ಸೆಕೆಂಡ್ ಬೇಕು. ಅದಕ್ಕೇ ನಿಯಮದಲ್ಲಿ ಹೊಗೆ ಅಥವಾ ಬೆಳಕು ನೋಡಿ ಒತ್ತಿ ಅಂತ ಇರೋದು. ಒಬ್ಬರು ಶಬ್ದ ಕೇಳಿ, ಇನ್ನೊಬ್ಬರು ಕ್ಲಾಪರ್ ಬಡಿಯೋದು ನೋಡಿ ಒತ್ತಿದರೆ ಎರಡು ಹೀಟ್‌ಗಳ ಮಧ್ಯೆ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಪುಕ್ಕಟೆ ಬಂದುಬಿಡುತ್ತೆ.

ಇದನ್ನು ಸರಿ ಮಾಡೋದು ಇಂಜಿನಿಯರಿಂಗ್ ಕಾಲೇಜಿಗೆ ಕಷ್ಟವಾದರೆ ಯಾರಿಗೆ ಸುಲಭ? ಈಗಿನ ಎಷ್ಟೋ ಫೋನ್‌ಗಳು ಸೆಕೆಂಡಿಗೆ 240 ಫ್ರೇಮ್ ವಿಡಿಯೋ ತೆಗೀತವೆ, ಒಂದು ಫ್ರೇಮ್ ಅಂದರೆ 4 ಮಿಲಿಸೆಕೆಂಡಿನ ಆಸುಪಾಸು. ಗೆರೆಗೆ ನೇರವಾಗಿ ಫೋನ್ ನಿಲ್ಲಿಸಿ, ಶುರುವಾದ ಕ್ಷಣಕ್ಕೆ ಒಂದು ಎಲ್‌ಇಡಿ ಅದರ ಕಣ್ಣೆದುರು ಹೊತ್ತೋ ಹಾಗೆ ತಂತಿ ಎಳೆದರೆ ಸಾಕು. ಇಸಿಇಯವರು ಮಿನಿ ಪ್ರಾಜೆಕ್ಟ್ ಹುಡುಕಿಕೊಂಡು ಯೂಟ್ಯೂಬ್ ಜಾಲಾಡೋ ಬದಲು ಇದನ್ನೇ ತಗೊಳ್ಳಲಿ. ಸಿವಿಲ್‌ನವರು ಟ್ರ್ಯಾಕ್ ಅಳೆಯಲಿ. ಲೇನ್ ಅಗಲ 1 ಮೀಟರ್ ಇದ್ದರೆ ಪೂರ್ತಿ ಒಂದು ಸುತ್ತಿಗೆ ಪ್ರತಿ ಲೇನಿನ ಸ್ಟ್ಯಾಗರ್ 6.28 ಮೀಟರ್. ಇದನ್ನು ಹೆಜ್ಜೆ ಹಾಕಿ ಅಂದಾಜಿನಲ್ಲಿ ಗುರುತು ಮಾಡಿದರೆ ಓಟ ಅಲ್ಲೇ ಹಾಳು. ಸರ್ವೇ ಲ್ಯಾಬಿನಲ್ಲಿ ಟೇಪು, ಟೋಟಲ್ ಸ್ಟೇಷನ್ ಎರಡೂ ಇರುತ್ತೆ, ವರ್ಷಕ್ಕೊಂದು ದಿನ ಮೈದಾನ ನೋಡಲಿ.

ಯಾವ ಊರಲ್ಲಿ?

ಜಾಗ ಆರಿಸೋದೂ ಆಯ್ಕೆ ನಿಯಮದ ಒಂದು ಭಾಗವೇ. ಕೋಲ್ಮನ್ ದಾಖಲೆ ಬಂದದ್ದು ಆಲ್ಬುಕರ್ಕಿಯಲ್ಲಿ. ಸಮುದ್ರ ಮಟ್ಟದಿಂದ 1,500 ಮೀಟರ್‌ಗೂ ಎತ್ತರದ ಊರು, ತೆಳು ಗಾಳಿ, ಸ್ಪ್ರಿಂಟರ್‌ಗಳಿಗೆ ಅನುಕೂಲ. ನಮ್ಮಲ್ಲಿ ಎತ್ತರದ ಪ್ರಶ್ನೆ ಇಲ್ಲ. ಮಣ್ಣು, ಗಾಳಿ, ಬಸ್ ಇವು ಮೂರು ನಮ್ಮ ಪ್ರಶ್ನೆ.

ಮಣ್ಣಿನ ಮಾತು ಆಗಲೇ ಹೇಳಿದೆವು. ಗಾಳಿಯೂ ಸಣ್ಣ ವಿಷಯ ಅಲ್ಲ. ಔಟ್‌ಡೋರ್ ಸ್ಪ್ರಿಂಟ್‌ನಲ್ಲಿ ಹಿಂದಿನಿಂದ ಬೀಸೋ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆ ಲೆಕ್ಕಕ್ಕಿಲ್ಲ. ಯಲಬುರ್ಗಾ, ಕುಕನೂರು ಕಡೆ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದ ಗಾಳಿಯಲ್ಲಿ ಒಂದು ಹೀಟ್ ಗಾಳಿಯ ಜೊತೆ, ಇನ್ನೊಂದು ಎದುರು ಓಡಿಸಿದರೆ ಸಮಯ ಹೋಲಿಸೋದು ವ್ಯರ್ಥ. ಎಲ್ಲ ಹೀಟ್ ಒಂದೇ ದಿಕ್ಕಿಗೆ, ಒಂದೇ ಹೊತ್ತಿನಲ್ಲಿ ಮುಗಿಸೋದು ಕನಿಷ್ಠ ನ್ಯಾಯ.

ಬಸ್ಸಿನ ವಿಷಯ ಇನ್ನೂ ಗಂಭೀರ. ಕೂಟ ಯಾವಾಗಲೂ ಕೊಪ್ಪಳದಲ್ಲೇ ಆದರೆ ಕೊಪ್ಪಳದವರು ಮನೆಯಲ್ಲಿ ನಿದ್ದೆ ಮಾಡಿ ಬರ್ತಾರೆ, ಕುಷ್ಟಗಿಯ ಹಳ್ಳಿಯವರು ಅರ್ಧ ನಿದ್ದೆ ಬಸ್ಸಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ನಿಜ. ಆದರೆ ಫೈನಲ್ ಸಂಜೆ ಆರಕ್ಕೆ ಇಟ್ಟರೆ ಊರಿಗೆ ಹೋಗೋ ಕೊನೆ ಬಸ್ ತಪ್ಪುತ್ತೆ. ಬಸ್ ತಪ್ಪುತ್ತೆ ಅಂತ ಫೈನಲ್ ಬಿಟ್ಟು ಹೊರಡೋರು ಇದ್ದಾರೆ, ಮುಂದಿನ ವರ್ಷ ಮನೆಯಲ್ಲಿ ಕಳಿಸೋದೇ ಇಲ್ಲ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು, ಆದರೆ ಅದು ತಳಕಲ್ ಮೇಲೆ ಗದಗ, ಹುಬ್ಬಳ್ಳಿ ಕಡೆ ಹೋಗುತ್ತೆ. ಗಂಗಾವತಿ ರೈಲು ಗಿಣಿಗೇರಾ ಮೇಲೆ ಕೊಪ್ಪಳಕ್ಕೆ ಬರುತ್ತೆ. ಅಂದರೆ ನಾಲ್ಕೂ ಕಡೆಯವರಿಗೆ ಸಮಾನವಾದ ಒಂದು ಊರು ಇಲ್ಲ. ಹಾಗಿದ್ದಾಗ ಸರದಿ ಒಂದೇ ದಾರಿ: ಒಂದು ವರ್ಷ ಒಂದು ಊರು. 60 ಮೀಟರ್ ನೇರ ಗೆರೆ, 200 ಮೀಟರ್ ಸುತ್ತು ಅಂತ ನಿರ್ಧಾರ ಮಾಡಿದರೆ ನಾಲ್ಕೂ ಕಡೆ ಮೈದಾನ ಸಿಗುತ್ತೆ. 400 ಮೀಟರ್ ಟ್ರ್ಯಾಕೇ ಬೇಕು ಅಂತ ಹಟ ಹಿಡಿದರೆ ಮಾತ್ರ ಊರುಗಳ ಪಟ್ಟಿ ಒಂದಕ್ಕೆ ಇಳಿಯುತ್ತೆ.

ಛಾವಣಿ ಬೇಕೇ ಬೇಕು ಅನ್ನೋರಿಗೆ ಗಂಗಾವತಿಯ ರೈಸ್ ಮಿಲ್ ಗೋದಾಮು ತೋರಿಸ್ತೀವಿ ಅಂತ ನಮ್ಮಲ್ಲೊಬ್ಬರು ತಮಾಷೆ ಮಾಡಿದರು. ಉದ್ದ ಸಾಕಾಗೋ ಗೋದಾಮು ಸಿಕ್ಕರೂ ಸಿಗಬಹುದು, ಆದರೆ ಕಾಂಕ್ರೀಟ್ ಮೇಲೆ ಮ್ಯಾಟ್ ಹಾಕದೆ ಓಡಿಸಿದರೆ ಕಾಲಿನ ಗತಿ ಮುಗೀತು. ಹಾಗಾಗಿ ಆ ಐಡಿಯಾ ಈಗ ಬೇಡ. ಭುವನೇಶ್ವರದ ಕಳಿಂಗ ಕ್ರೀಡಾಂಗಣದ ಆವರಣದಲ್ಲಿ ನಿಜವಾದ ಇಂಡೋರ್ ಅಥ್ಲೆಟಿಕ್ಸ್ ಕೇಂದ್ರ ಆಗಿದೆ, ಅದು ರಾಜ್ಯ ಸರ್ಕಾರವೊಂದು ಮನಸ್ಸು ಮಾಡಿ ಕಟ್ಟಿದ್ದು. ನಮ್ಮ ಸರ್ಕಾರ ಕಟ್ಟೋವರೆಗೆ ಕಾಯಬೇಕಾಗಿಲ್ಲ ಅನ್ನೋದೇ ನಮ್ಮ ವಾದ.

ಆಕ್ಷೇಪಕ್ಕೆ ಉತ್ತರ

"ಮುಂದಿನ ಹಂತದಲ್ಲಿ 100, 200 ಇದ್ದೇ ಇರುತ್ತೆ, ಇಲ್ಲಿ ಬಿಟ್ಟರೆ ಅಭ್ಯಾಸ ಹೇಗೆ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಚಿಕ್ಕ ಮೈದಾನದಲ್ಲಿ 60 ಓಡಿಸಿ ವೇಗದವರನ್ನು ಆರಿಸಿ, ಆಮೇಲೆ ಆ ಎಂಟು ಹತ್ತು ಜನರನ್ನು ಮಾತ್ರ ದೊಡ್ಡ ಮೈದಾನಕ್ಕೆ ಕರ್ಕೊಂಡು ಹೋಗಿ 100, 200 ಓಡಿಸಿ. ಗೋಡೆಗೆ ಹೆದರಿ ಓಡೋ 100ಕ್ಕಿಂತ ಅದು ಒಳ್ಳೆ ಅಭ್ಯಾಸ. "ಸರ್ಕಾರದ ಕೂಟದ ನಿಯಮ ನಾವು ಬದಲಿಸೋಕೆ ಆಗಲ್ಲ" ಅನ್ನೋದೂ ನಿಜ. ಆದರೆ ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾಕೂಟದ ನಿಯಮ ನಮ್ಮದೇ. ಅಕ್ಕಪಕ್ಕದ ಡಿಗ್ರಿ, ಡಿಪ್ಲೊಮಾ ಕಾಲೇಜುಗಳನ್ನು ಕರೆದು ನಡೆಸೋ ಕೂಟವೂ ನಮ್ಮದೇ.

ಅದಕ್ಕೇ ಈ ಸಲದ ಕೂಟಕ್ಕೆ ನಾಲ್ಕು ಬೇಡಿಕೆ ಕ್ರೀಡಾ ಸಮಿತಿಗೆ ಬರೆದು ಕೊಡ್ತಿದ್ದೀವಿ. ಮೂಲೆಯಿಂದ ಮೂಲೆಗೆ ಓಡಿಸೋ 100 ಮೀಟರ್ ಬದಲು 60 ಮೀಟರ್, ಬಂದವರಿಗೆಲ್ಲ ಎರಡು ಓಟ. ಸುತ್ತಿನ ಓಟದಲ್ಲಿ 1 ಮತ್ತು 2ನೇ ಲೇನ್ ಖಾಲಿ, ಗುಂಪುಗಳಾಗಿ ಓಡಿಸಿ ಸಮಯದ ಮೇಲೆ ಸ್ಥಾನ. ಸಮಯ ಹಿಡಿಯೋಕೆ ಫೋನ್ ಕ್ಯಾಮೆರಾ, ಎಲ್ಲ ಹೀಟ್‌ಗೂ ಒಂದೇ ವಿಧಾನ. ಹೊರಗಿನವರು ಬರೋ ಓಟಗಳು ಬೆಳಗ್ಗೆ 11ರ ನಂತರ ಶುರು, ಫೈನಲ್ ಮಧ್ಯಾಹ್ನ 4ರೊಳಗೆ.

ಸಹಿ ಹಾಕೋರು ಕನ್ನಡ ಸಂಘದ ರೂಮಿಗೆ ಬನ್ನಿ. ಓಡದವರೂ ಬನ್ನಿ, ಟೇಪು ಹಿಡಿಯೋಕೆ ಒಂದು ತುದಿಗೆ ಒಬ್ಬರು, ಇನ್ನೊಂದು ತುದಿಗೆ ಒಬ್ಬರು ಬೇಕೇ ಬೇಕು.